ಹಗ್ಗ ಹಿಡಿದವನು

ತೋಳು ಮಡಚುತ್ತಿರಲಿಲ್ಲ. ದರ್ಜಿ ಎರಡು ಸಲ ಪ್ರಯತ್ನಿಸಿ, ಕೊನೆಗೆ ಅಂಗಿಯನ್ನು ತಿರುವಿ ಬೆನ್ನಿನ ನಡುವೆ ಕತ್ತರಿ ಹಾಕಿದ.

"ಹೊಸ ಅಂಗಿ, ಭಾವ," ಎಂದ ತಂಗಿಯ ಗಂಡ.

"ಗೊತ್ತು. ಹಿಂದಿನಿಂದ ಹೊಲೀತೀನಿ. ಕಾಣಲ್ಲ."

ಒಂದೊಂದೇ ತೋಳನ್ನು ಮುಂದಿನಿಂದ ತೂರಿಸಿ, ಇಬ್ಬರೂ ಸೇರಿ ಹೆಣವನ್ನು ಪಕ್ಕಕ್ಕೆ ಹೊರಳಿಸಿದರು. ದರ್ಜಿ ಮಂಡಿಯೂರಿ ತಂದೆಯ ಬೆನ್ನ ಮೇಲೆ ಉದ್ದುದ್ದ ಹೊಲಿಗೆ ಹಾಕತೊಡಗಿದ. ಭುಜದ ಹತ್ತಿರ ಬಟ್ಟೆ ಎಳೆಯುತ್ತಿತ್ತು. ಜೀವಮಾನವಿಡೀ ಬಾವಿ ತೋಡಿದ ಭುಜ. ಅಂಗಿಯನ್ನು ಯಾರೋ ಅಂದಾಜಿಗೆ ಹೊಲಿದಿದ್ದರು. ಪೇಟೆಯ ಅರ್ಧ ಜನರ ಅಳತೆ ದರ್ಜಿಗೆ ಬಾಯಿಪಾಠವಿತ್ತು. ಈ ಮೈಯದು ಗೊತ್ತಿರಲಿಲ್ಲ. ಅವನು ಅಂಗಡಿ ಹಾಕಿದ ಮೇಲೆ, ಊರಿಗೆಲ್ಲ ಮೇಸ್ತ್ರಿ ಎನಿಸಿದ್ದ ತಂದೆ ಒಂದು ಸಲವೂ ಅತ್ತ ಬಂದಿರಲಿಲ್ಲ. ಇವನೂ ಕರೆದಿರಲಿಲ್ಲ.

ಹೊರಗೆ ಅಂಗಳದಲ್ಲಿ ಜನ ಹೆಣದ ಪೆಟ್ಟಿಗೆಗಾಗಿ ಕಾಯುತ್ತಿದ್ದರು. ಬಡಗಿ ಇನ್ನೂ ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದ. ಪಕ್ಕದ ಊರಿನ ಮುದುಕನೊಬ್ಬ ಬೆಂಚಿನ ಮೇಲೆ ಕಾಲು ನೀವಿಕೊಳ್ಳುತ್ತ ಕೂತಿದ್ದ. ಅವನೂ ಬಾವಿ ತೋಡುವವನೇ. ಎಲ್ಲರಿಗೂ ಕುಳ್ಳಮಾಮ.

"ಮೇಸ್ತ್ರಿ ತೋಡಿದ ಬಾವಿ ಒಂದಾದರೂ ಸೊಟ್ಟಗಿದ್ದರೆ ತೋರಿಸಿ," ಎನ್ನುತ್ತಿದ್ದ ಅವನು. "ಆದರೆ ಮಾತೇ ಇಲ್ಲ ಪುಣ್ಯಾತ್ಮನಿಗೆ. ಕೆಳಗಿಳಿದ ಮೇಲೆ ಜೀವ ಇದೆಯೋ ಹೋಯಿತೋ ಅಂತ ಮೇಲಿನವನು ಆಗಾಗ ಕಲ್ಲು ಹಾಕಿ ನೋಡಬೇಕಿತ್ತು."

ಒಂದಿಬ್ಬರು ನಗು ನುಂಗಿಕೊಂಡರು.

"ನಿಮ್ಮ ಮಕ್ಕಳೂ ಇದೇ ಕಸುಬಾ, ಮಾಮ?" ತಂಗಿಯ ಗಂಡ ಹೊರಬಂದು ಕೇಳಿದ.

"ಇದೇ. ಆದರೆ ನಾನು ಇಳಿದಾಗ ನನ್ನ ಸೊಂಟದ ಹಗ್ಗ ಅವರ ಕೈಗೆ ಕೊಟ್ಟವನಲ್ಲ. ಯಾವ ಬಾವಿಯವನೂ ಕೊಡಲ್ಲ."

"ಯಾಕೆ, ಮಕ್ಕಳ ಮೇಲೆ ನಂಬಿಕೆ ಇಲ್ವಾ?"

"ಹುಚ್ಚಪ್ಪ, ಕೇಳಿಲ್ಲಿ. ಕೆಳಗೆ ಮಣ್ಣು ಕುಸೀತು ಅಂದ್ಕೋ. ಹೊರಗಿನವನಾದರೆ ಹಗ್ಗ ಬಿಗಿಯಾಗಿ ಹಿಡಿದು, ನಾಲ್ಕು ಜನರನ್ನ ಕೂಗ್ತಾನೆ. ಮಗನಾದರೆ ಹಗ್ಗ ಬಿಟ್ಟು ತಾನೂ ಇಳೀತಾನೆ. ಒಂದೇ ಮನೇಲಿ ಎರಡು ಹೆಣ. ಅದಕ್ಕೇ ನಮ್ಮಲ್ಲಿ ಮಗ ಹಗ್ಗ ಹಿಡಿಯೋ ಹಾಗಿಲ್ಲ."

ತೊಟ್ಟಿಯ ಬಳಿ ಕೈ ತೊಳೆಯುತ್ತಿದ್ದ ದರ್ಜಿ ತಿರುಗಿದ.

"ನಾನು ಹಿಡಿದಿದ್ದೆನಲ್ಲ, ಮಾಮ. ಸಣ್ಣವನಿದ್ದಾಗ."

ಕುಳ್ಳಮಾಮ ಅವನ ಮುಖ ನೋಡಿದ. ನೀವುತ್ತಿದ್ದ ಕೈ ನಿಂತಿತು.

"ಓ," ಎಂದ. "ಒಬ್ಬೊಬ್ಬರದು ಒಂದೊಂದು ರೀತಿ ಬಿಡಪ್ಪ," ಎಂದು ಬಡಗಿಯ ಕಡೆ ಕತ್ತು ತಿರುಗಿಸಿ, "ಏನಯ್ಯಾ, ಇವತ್ತೇ ಮುಗಿಸ್ತೀಯಾ?" ಎಂದು ಕೂಗಿದ.

*

ಮದುವೆಯಾದ ಹೊಸದರಲ್ಲಿ ಮೇಸ್ತ್ರಿ ದೂರದ ಕೆಲಸಕ್ಕೆ ಹೋಗಿದ್ದ. ತಿರುಗಿ ಬಂದಾಗ ಹೆಂಡತಿ ಬಸುರಿ. ತಿಂಗಳ ಲೆಕ್ಕ ಹಾಕಿದ ಊರಿನವರಿಗೆ ಹೌದೆನ್ನಲೂ ಬರುತ್ತಿತ್ತು, ಇಲ್ಲವೆನ್ನಲೂ ಬರುತ್ತಿತ್ತು. ಮಗು ಹುಟ್ಟಿ ಶಾಲೆಗೆ ಹೋಗುವಷ್ಟು ದೊಡ್ಡವನಾದಾಗ ಆ ಲೆಕ್ಕ ಹುಡುಗರ ಬಾಯಿಗೂ ಬಂತು. "ನಿಮ್ಮಪ್ಪ ಯಾರೋ?" ಎಂದು ಕಿಚಾಯಿಸುತ್ತಿದ್ದರು.

ಅಂಥ ದಿನಗಳಲ್ಲೇ ಮೇಸ್ತ್ರಿ ಅವನ ಕೈಗೆ ಹಗ್ಗ ಕೊಟ್ಟ. ಹುಡುಗ ಅದನ್ನು ಸುರುಳಿ ಸುತ್ತಿ ಹೆಗಲಿಗೆ ಹಾಕಿಕೊಂಡು, ಬೇಕೆಂದೇ ಶಾಲೆಯ ಬೀದಿಯಲ್ಲಿ ಮೇಸ್ತ್ರಿಯ ಹಿಂದೆ ನಡೆದ. ಜೀವವನ್ನೇ ತನ್ನ ಕೈಗೆ ಕೊಟ್ಟು ಇಳಿಯುವವನು ಅಪ್ಪನಲ್ಲದೆ ಇನ್ಯಾರು? ಕಿಚಾಯಿಸುವವರಿಗೆ ಕೊಡಲು ಅವನಿಗೆ ಬೇರೆ ಉತ್ತರವೇ ಬೇಕಿರಲಿಲ್ಲ.

ಆಮೇಲೊಂದು ಮಧ್ಯಾಹ್ನ ಬಾವಿಯ ಒಂದು ಮಗ್ಗುಲು ಜಾರಿತು. ಹುಡುಗ ಯಾರನ್ನೂ ಕೂಗಲಿಲ್ಲ. ಹಗ್ಗವನ್ನು ಕಂಬಕ್ಕೆ ಬಿಗಿದು ಅದನ್ನೇ ಹಿಡಿದು ಇಳಿದುಬಿಟ್ಟ. ಸೊಂಟದವರೆಗೆ ಹೂತುಹೋಗಿದ್ದ ಮೇಸ್ತ್ರಿಯ ಸುತ್ತಲ ಮಣ್ಣನ್ನು ಬರಿಗೈಯಲ್ಲಿ ಕೆದರಿದ. ಮೇಸ್ತ್ರಿ ಬೈಯಲಿಲ್ಲ, ಮಣ್ಣು ಮೆತ್ತಿದ ಹುಡುಗನ ಮುಖವನ್ನು ಮೊದಲ ಸಲ ನೋಡುವವನಂತೆ ನೋಡುತ್ತಿದ್ದ. ದಾರಿಹೋಕ ಗಾಡಿಯವರು ಕಂಡದ್ದರಿಂದ ಇಬ್ಬರೂ ಮೇಲೆ ಬಂದರು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಅವನ ಹೆಗಲಿನಿಂದ ಹಗ್ಗ ತೆಗೆದುಕೊಂಡ.

"ಇನ್ನು ನೀನು ಬರಬೇಡ."

"ಯಾಕಪ್ಪ? ಏನು ತಪ್ಪು ಮಾಡಿದೆ?"

"ಬೇಡ ಅಂದೆನಲ್ಲ."

ಆ ವಾರವೇ ಹುಡುಗ ಪೇಟೆಗೆ ಹೋಗಿ ದರ್ಜಿಯೊಬ್ಬನ ಬಳಿ ಸೇರಿದ. ಅಪ್ಪ ಎಂದು ಬಾಯಿ ತುಂಬ ಕರೆದದ್ದು ಅದೇ ಕೊನೆ. ಆಮೇಲೆ ಮನೆಗೆ ಬಂದಾಗಲೆಲ್ಲ ಕೇಳಿದ್ದಕ್ಕೆ ಹೂಂ, ಊಹೂಂ. ಅಷ್ಟರಲ್ಲೇ ಇಬ್ಬರಿಗೂ ವಯಸ್ಸಾಯಿತು.

*

ತಾಯಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ದರ್ಜಿ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ಮಗನ ಕೈಗೆ ಹಗ್ಗ ಕೊಡಲ್ಲವಂತೆ. ಕುಳ್ಳಮಾಮ ಹೇಳಿದ."

ಅವಳು ಒಲೆಯ ಕಡೆ ನೋಡಿದಳು.

"ಅವರು ಕೊಟ್ಟ ದಿನ ನಾನು ಒಲೆ ಹಚ್ಚಲಿಲ್ಲ. ನೀನು ಕುಣಿತಾ ಬಂದೆ. ನಿನಗೇನಂತ ಹೇಳಲಿ?"

"ಹಾಗಾದರೆ ನಾನು..."

"ನನಗೇ ಗೊತ್ತಿಲ್ಲ ಮಗಾ. ಗೊತ್ತಿದ್ದಿದ್ದರೆ ಅವತ್ತೇ ಹೇಳಿ ಬೈಸಿಕೊಂಡು ಮುಗಿಸ್ತಿದ್ದೆ. ಅವರು ಕೇಳಲಿಲ್ಲ. ಊಟ, ಬಟ್ಟೆ, ಶಾಲೆ, ಯಾವುದರಲ್ಲೂ ನಿನಗೆ ಕಡಿಮೆ ಮಾಡಲಿಲ್ಲ. ಹಗ್ಗ ಒಂದರಲ್ಲೇ ಹೇಳಿಬಿಟ್ಟರು."

ಹೊರಗೆ ಸುತ್ತಿಗೆಯ ಸದ್ದು ನಿಂತಿತು.

"ಮಣ್ಣು ಕುಸಿದ ದಿನ ಬಂದು ಇಲ್ಲೇ, ನೀನು ಕೂತಲ್ಲೇ ಕೂತರು. 'ಇಳಿದುಬಿಟ್ಟ ಕಣೇ ಅವನು' ಅಂದರು. ಇನ್ನೊಂದು ಮಾತಿಲ್ಲ. ಬೆಳಿಗ್ಗೆ ನಿನ್ನ ಬಿಡಿಸಿ ಕೂಲಿಯವನನ್ನ ಇಟ್ಟುಕೊಂಡರು."



"ನನಗೆ ಯಾರಾದರೂ ಹೇಳಬಹುದಿತ್ತು, ಅಮ್ಮ."

"ಅದನ್ನ ಹೇಳಬೇಕಾದರೆ ಮೊದಲಿನದನ್ನೂ ಹೇಳಬೇಕಿತ್ತಲ್ಲ."

*

ಗುಂಡಿಯ ಅಡ್ಡಕ್ಕೆ ಎರಡು ಹಗ್ಗ ಹಾಸಿ ಪೆಟ್ಟಿಗೆಯನ್ನು ಅವುಗಳ ಮೇಲಿಟ್ಟರು. ತಂಗಿಯ ಗಂಡ ತಲೆಯ ಕಡೆಯ ಹಗ್ಗದ ತುದಿಯನ್ನು ಚಾಚಿದ.

"ಹಿಡೀರಿ ಭಾವ. ನಿಮಗೆ ರೂಢಿ ಇದೆ."

ದರ್ಜಿ ಒಂದು ಹೆಜ್ಜೆ ಮುಂದಿಟ್ಟ. ಆಮೇಲೆ ಹಿಂದೆ ಸರಿದ.

"ನಾನು ಹಿಡಿಯಲ್ಲ. ಹೊರಗಿನವರು ಯಾರಾದರೂ ಹಿಡೀಲಿ."

"ಇನ್ನೂ ಸಿಟ್ಟು ಇಳಿದಿಲ್ಲ ನೋಡು ಇವನಿಗೆ," ಹಿಂದೆ ಯಾರೋ ಪಿಸುಗುಟ್ಟಿದರು. "ಸಾಕಿದ್ದಕ್ಕಾದರೂ..."

ಕುಳ್ಳಮಾಮ ಮಾತಾಡದೆ ಬಂದು ತುದಿಯನ್ನು ತಗೊಂಡ. ಪೆಟ್ಟಿಗೆ ಇಳಿಯತೊಡಗಿತು. ತಾಯಿಯ ಪಕ್ಕದಲ್ಲಿ ನಿಂತ ದರ್ಜಿಯ ಎರಡು ಬರಿಗೈಗಳು ಎದೆಯ ಮುಂದೆ, ಒಂದರ ಹಿಂದೆ ಒಂದು, ಮುಚ್ಚಿ ತೆರೆದು, ಮುಚ್ಚಿ ತೆರೆದು, ಇಲ್ಲದ್ದನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಬಿಡುತ್ತಿದ್ದವು.