ಗ್ರೀನ್ ಟೀ ಕಷಾಯವಲ್ಲ

ಮಾತ್ರೆ ಆಗಲೇ ನಾಲಗೆಯ ಮೇಲಿತ್ತು. ಸಂಯುಕ್ತಾ ಗ್ರೀನ್ ಟೀ ಲೋಟವನ್ನು ತುಟಿಗೆ ಒಯ್ಯುತ್ತಿದ್ದಂತೆ ಪಕ್ಕದ ಮನೆಯ ವೈಜಯಂತಿ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ನೀರು ಕುಡಿ. ಅದರಲ್ಲಿ ನುಂಗಬೇಡ."

ಸಂಯುಕ್ತಾಗೆ ಐದು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ, ಚಳ್ಳಕೆರೆಯ ತವರಿಗೆ ಹೋಗಬೇಕು. ಅಮ್ಮ ಎರೆಯುವ ಬಿಸಿನೀರು, ನೆತ್ತಿಗೆ ತಟ್ಟುವ ಹರಳೆಣ್ಣೆ. ದೆಹಲಿ ಪಕ್ಕದ ಇಂದಿರಾಪುರಂನ ಹನ್ನೊಂದನೇ ಮಹಡಿಯಲ್ಲಿ ನಿಂತು, ಹೈವೇಯನ್ನು ನುಂಗುವ ಚಳಿಗಾಲದ ಮಂಜನ್ನು ನೋಡುವಾಗ ಅವಳ ಮೈಯೆಲ್ಲ ಅದಕ್ಕೇ ಹಂಬಲಿಸುತ್ತಿತ್ತು. ಆದರೆ ರಕ್ತ ತೀರಾ ಕಡಿಮೆ ಎಂದಿದ್ದರು ಡಾಕ್ಟರು. ಅದು ಏರದಿದ್ದರೆ ಎರಡು ರಾತ್ರಿಯ ರೈಲು ಪ್ರಯಾಣಕ್ಕೆ ತಾವು ಒಪ್ಪುವುದಿಲ್ಲ ಎಂದೂ ಹೇಳಿದ್ದರು.

ಕಬ್ಬಿಣದ ಮಾತ್ರೆಯನ್ನು ಅವಳು ಒಂದು ದಿನವೂ ತಪ್ಪಿಸಿರಲಿಲ್ಲ. ಕಾಫಿ ಕಡಿಮೆ ಮಾಡಿ ಎಂದಿದ್ದಕ್ಕೆ ಬಿಟ್ಟೇಬಿಟ್ಟಿದ್ದಳು. ಬದಲಿಗೆ ಗಂಡ ಹೃಷಿಕೇಶ್ ತಂದ ಗ್ರೀನ್ ಟೀ. ಹಾಲಿಲ್ಲ, ಸಕ್ಕರೆಯಿಲ್ಲ, ಬಾಯೆಲ್ಲ ಒಗರು, ಕಷಾಯವಲ್ಲದೆ ಇನ್ನೇನು? ಊರಿನಲ್ಲಿ ಗುಳಿಗೆಯ ಜೊತೆ ಕಷಾಯ ಕುಡಿಸುತ್ತಿದ್ದಂತೆ, ಇಲ್ಲಿ ಊಟಕ್ಕೂ ಮಾತ್ರೆಗೂ ಅದೇ.

"ನಮ್ಮ ದೊಡ್ಡ ಸಾಹೇಬರೇ ಕುಡೀತಾರೆ. ಎಲ್ಲಾ ಸತ್ವವೂ ಇದರಲ್ಲೇ ಇದೆಯಂತೆ," ಎಂದ ಹೃಷಿಕೇಶ್.

"ನಿಮ್ಮ ಸಾಹೇಬರು ಬಸುರಿಯಲ್ಲವಲ್ಲ," ಎಂದಳು ವೈಜಯಂತಿ.

ಅವಳು ಕಾಲೇಜಿನಲ್ಲಿ ಆಹಾರ ವಿಜ್ಞಾನ ಕಲಿಸುವವಳು. ಕುಳಿತು ಬಿಡಿಸಿ ಹೇಳಿದಳು. ಆ ಲೋಟದಲ್ಲಿ ಇರುವುದು ಹೆಚ್ಚಾಗಿ ನೀರೇ. ಪ್ರೋಟೀನ್, ಕಬ್ಬಿಣ, ಸುಣ್ಣದ ಅಂಶ ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಹೊಟ್ಟೆಗೆ ಆಧಾರವಾಗುವಂಥದ್ದೇನೂ ಇಲ್ಲ. ಕಾಫಿಯಲ್ಲಿರುವ ಕೆಫೀನ್ ಇದರಲ್ಲೂ ಸ್ವಲ್ಪ ಇದೆ. ಪೇಪರಿನವರು ಹೊಗಳುವ ಒಳ್ಳೆಯ ಅಂಶ ಇರುವುದು ಆ ಒಗರಿನಲ್ಲೇ, ತೊಂದರೆಯೂ ಅಲ್ಲೇ.

"ಇವಳ ಮಾತ್ರೆಯ ಕಬ್ಬಿಣವನ್ನು ಆ ಒಗರು ಹೊಟ್ಟೆಯಲ್ಲೇ ಕಟ್ಟಿಹಾಕುತ್ತೆ. ರಕ್ತಕ್ಕೆ ಸೇರಬೇಕಾದ್ದು ಎಷ್ಟೋ ಪಾಲು ಹಾಗೇ ಹೊರಗೆ ಹೋಗುತ್ತೆ."

"ಅಚ್ಛಾ, ಇಷ್ಟು ತೆಳ್ಳಗಿನ ನೀರು ಕಬ್ಬಿಣವನ್ನು ಕಟ್ಟಿಹಾಕುತ್ತಾ?" ಎಂದ ಹೃಷಿಕೇಶ್.

"ತೆಳ್ಳಗಿದೆ ಅಂತಲೇ ಯಾರೂ ಅದರ ಮೇಲೆ ಅನುಮಾನ ಪಡಲ್ಲ."

ಹೃಷಿಕೇಶ್ ನಂಬಲಿಲ್ಲ. ಮರುದಿನ ಡಾಕ್ಟರನ್ನೇ ಕೇಳಿ, ಬೈಸಿಕೊಂಡು ಬಂದ. ಅಂದಿನಿಂದ ಮಾತ್ರೆಗೆ ನಿಂಬೆ ನೀರು, ತರಕಾರಿ ಭಯ್ಯಾ ತರುವ ಮೆಂತ್ಯ, ಬಥುವಾ ಎಂದು ಇಲ್ಲಿ ಕರೆಯುವ ಚಕ್ಕೋತ ಸೊಪ್ಪಿನ ಹುಳಿ, ನೆನೆಸಿದ ಕಡಲೆ. ಏಳನೇ ತಿಂಗಳ ಪರೀಕ್ಷೆಯಲ್ಲಿ ರಕ್ತ ಏರಿತ್ತು. ಪ್ರಯಾಣಕ್ಕೆ ಡಾಕ್ಟರು ಒಪ್ಪಿದರು.

ರಕ್ತ ಕಡಿಮೆಯೆಂದು ಮಾತ್ರೆ ನುಂಗುತ್ತಿರುವ ಅಕ್ಕತಂಗಿಯರೇ, ಗ್ರೀನ್ ಟೀ ವಿಷವಲ್ಲ. ಆದರೆ ಅದು ಊಟವೂ ಅಲ್ಲ, ಔಷಧವೂ ಅಲ್ಲ. ಊಟ, ಮಾತ್ರೆಗಳಿಂದ ಒಂದೆರಡು ಗಂಟೆ ದೂರವಿಡಿ. ಬಸುರಿಯಾಗಿದ್ದರೆ ಎಷ್ಟು ಕುಡಿಯಬಹುದೆಂದು ನಿಮ್ಮ ಡಾಕ್ಟರನ್ನು ಕೇಳಿ. ನಿಮ್ಮ ಮೈಗೆ ಸೇರಬೇಕಾದ್ದು ಸೇರಲಿ.

ರೈಲು ಟಿಕೆಟ್ ತಂದ ಸಂಜೆ ಹೃಷಿಕೇಶ್ ಮೆತ್ತಗಾದ. ಮನೆ ಆಗಲೇ ಖಾಲಿಯಾದಂತೆ ಸುತ್ತ ನೋಡಿದ.

"ಇಲ್ಲೇ ಇದ್ದುಬಿಡು ಸಂಯು. ದೊಡ್ಡ ಆಸ್ಪತ್ರೆಯಲ್ಲೇ ಹೆರಿಗೆ ಆಗಲಿ. ಬೇಕಾದರೆ ನಿಮ್ಮಮ್ಮನನ್ನೇ ವಿಮಾನದಲ್ಲಿ ಕರೆಸ್ತೀನಿ."

ಸೀರೆ ಮಡಿಸುತ್ತಿದ್ದ ಸಂಯುಕ್ತಾ ತಲೆಯೆತ್ತಲಿಲ್ಲ.

"ಬೇಡ. ನಾನು ಹೋಗ್ತೀನಿ."