ಎತ್ತಿ ಹಿಡಿದ ಬಾಟಲಿ

ಒಂದಾನೊಂದು ಕಾಲದಲ್ಲಿ ಎದೆಯೆಂಬ ಊರಿನಲ್ಲಿ ಒಂದು ನಗಾರಿಯಿತ್ತಂತೆ. ಬಾರಿಸುವವರು ಸುಣ್ಣದಷ್ಟು ಬೆಳ್ಳಗಿನ, ಕಣ್ಣಿಗೆ ಕಾಣದ ಕುಳ್ಳರು. ಬಾಗಿಲು ತೆರೆದೊಡನೆ ಒಳನುಗ್ಗಿ ಒಂದು ಪೆಟ್ಟು ಹಾಕಬೇಕು, ಮರುಗಳಿಗೆಯೇ ಹೊರಗೆ ಓಡಬೇಕು. ಅವರು ಬಾರದಿದ್ದರೆ ನಗಾರಿ ಮಲಗಿಬಿಡುವುದು. ಹಿಂಡುಹಿಂಡಾಗಿ ನುಗ್ಗಿ, ಹೊರಗೆ ಹೋಗಲು ಒಲ್ಲೆವೆಂದರೆ ತಾಳ ತಪ್ಪಿ, ಕೊನೆಗೆ ಬಿಗಿಹಿಡಿದ ಮುಷ್ಟಿಯಂತೆ ನಿಂತೇಬಿಡುವುದು.

ಈ ಕಥೆಯನ್ನು ಕಮರಿಪೇಟೆಯ ಮುರಿಗೆವ್ವನಿಗೆ ಯಾವ ಅಜ್ಜಿಯೂ ಹೇಳಲಿಲ್ಲ. ಒಂದು ಕಪ್ಪೆ ಹೇಳಿತು.

ವಿದ್ಯಾನಗರದ ಕಾಲೇಜೊಂದರಲ್ಲಿ ಅವಳು ಬಾಟಲಿ ತೊಳೆಯುತ್ತಿದ್ದಳು. ಒಂದು ದಿನ ಮೇಜಿನ ಮೇಲೆ ಕಪ್ಪೆಯ ಹೃದಯ, ಕಪ್ಪೆ ಸತ್ತ ಮೇಲೂ, ಉಪ್ಪುನೀರು ಕುಡಿಯುತ್ತ ಮಿಡಿಯುತ್ತಿತ್ತು. ಮಾಸ್ತರರು ಕ್ಯಾಲ್ಸಿಯಂ ಇಲ್ಲದ ನೀರು ಬಿಟ್ಟರು; ಸೋತು ನಿಂತಿತು. ಚೂರು ಬೆರೆಸಿದರು, ಎದ್ದಿತು. ಬಹಳ ಸುರಿದರು, ಎಡವಿತು, ಎಡವಿ ಗಂಟುಕಟ್ಟಿಕೊಂಡಿತು. "ಕ್ಯಾಲ್ಸಿಯಂ ಅಂದ್ರ ಸುಣ್ಣದ ಅಂಶ. ಹೃದಯದ ಒಂದೊಂದು ಕಣದೊಳಗೂ ಅದು ಹೊಕ್ಕಾಗ ಬಿಗೀತದ, ಹೊರಗ ಬಂದಾಗ ಸಡಲ್ತದ," ಎಂದರು ಮಾಸ್ತರರು. ಮುರಿಗೆವ್ವನ ಕೈಯ ಬಾಟಲಿ ಜಾರಿ ಚೂರಾಯಿತು. ಅವಳಿಗೆ ಕಂಡದ್ದು ಕಪ್ಪೆಯಲ್ಲ, ಕಾಳಿ.

ಕಾಳಿ ಅವಳ ಎಮ್ಮೆ. ಅರವತ್ತನೆಯ ಇಸವಿಯಲ್ಲಿ ಈದ ಮರುದಿನ, ಹಾಲಿನೊಡನೆ ಮೈಯ ಸುಣ್ಣವೆಲ್ಲ ಬಸಿದುಹೋಗಿ, ಕಿವಿ ತಣ್ಣಗಾಗಿ ನೆಲ ಹಿಡಿದಿತ್ತು. ದನದ ಡಾಕ್ಟರು ದತ್ತು ಬಂದರು. ಅವರಿಗೆ ರೈಲಿನ ಹೊತ್ತಾಗಿತ್ತು. ಕ್ಯಾಲ್ಸಿಯಂ ಬಾಟಲಿಯನ್ನು ತಲೆಯ ಮೇಲೆತ್ತಿ ಹಿಡಿದು, ರಬ್ಬರ್ ನಳಿಕೆಯಿಂದ ಕುತ್ತಿಗೆಯ ರಕ್ತನಾಳಕ್ಕೆ ದಬದಬ ಇಳಿಸಿದರು. ಬಾಟಲಿ ಮುಗಿಯುವ ಮೊದಲೇ ಕಾಳಿ ಮುಗಿದಿತ್ತು. "ಕೆಟ್ಟ ಹಿಂಡಿ ತಿನ್ನಿಸ್ಯಾಳ ಈಕಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಸ್ಟೇಶನ್ನಿನ ದಾರಿ ಹಿಡಿದರು.

ಓಣಿ ಅವಳ ಮನೆಯ ಉಳಿದ ಎಮ್ಮೆಗಳ ಹಾಲು ಕೊಳ್ಳುವುದನ್ನೂ ಬಿಟ್ಟಿತು. ಅತ್ತೆ ಮುದಕವ್ವ ಅವಳ ಹೆಸರನ್ನೇ ಬಿಟ್ಟಳು. "ಎಮ್ಮಿ ಕೊಂದಾಕಿ, ನೀರ ತಾ." "ಎಮ್ಮಿ ಕೊಂದಾಕಿ, ಬಾಗಲಾ ಹಾಕ."

ಕಪ್ಪೆಯನ್ನು ಕಂಡ ಸಂಜೆ ಮುರಿಗೆವ್ವ ಅತ್ತೆಯ ಎದುರು ನಿಂತಳು. "ಅತ್ತಿ, ಕಾಳಿನ್ನ ಕೊಂದಾಂವ ತಾನ ಅಂತ ಆ ಡಾಕ್ಟರನ ಬಾಯಿಲೇ ನಿಮ್ಮ ಮುಂದ ಅನಸ್ತೇನಿ. ಅಲ್ಲೀತನಾ ನನ್ನ ಚಾದಾಗ ಹಾಲು ಬೀಳಂಗಿಲ್ಲ."

"ಹಂಗಾರ ಕರೇ ಚಾ ಕುಡಕೋತ ಮುದುಕಿ ಆಗ," ಎಂದಳು ಮುದಕವ್ವ.

ಮುರಿಗೆವ್ವ ಕಾದಳು. ಕಾಳಿಯ ಕರು ಚಂದ್ರಿಯನ್ನು ಮಗಳಂತೆ ಬೆಳೆಸಿದಳು. ಪೇಟೆಯಲ್ಲಿ ಡಾಕ್ಟರು ಎದುರಾದಾಗಲೆಲ್ಲ ನಗುನಗುತ್ತ ಕೈಮುಗಿದಳು.

ಅರವತ್ತೆಂಟರಲ್ಲಿ, ಮೂರನೆಯ ಸೂಲಿಗೆ, ಚಂದ್ರಿಯೂ ಹಾಗೆಯೇ ಕುಸಿಯಿತು. ಪಕ್ಕದ ಮನೆಯ ಅಮೀನಾಬಿ ಓಡಿಹೋಗಿ ದತ್ತು ಡಾಕ್ಟರನ್ನು ಕರೆತಂದಳು. ಓಣಿ ನೆರೆಯಿತು. ಡಾಕ್ಟರು ಸೂಜಿ ಚುಚ್ಚಿ ಬಾಟಲಿಯನ್ನು ಮುರಿಗೆವ್ವನ ಕೈಗೆ ಕೊಟ್ಟರು. "ನೀ ಹಿಡಿ. ನನ್ನ ತೋಳು ನೋಯ್ತದ."

ಅವಳು ಮೊಳಕಾಲಿನ ಮಟ್ಟಕ್ಕೆ ಹಿಡಿದಳು. ಔಷಧಿ ಹನಿಹನಿಯಾಗಿ ಇಳಿಯಿತು.

"ಎತ್ತಿ ಹಿಡಿಯ! ಲಗೂ ಮುಗೀಲಿ."

"ಎತ್ತತೇನ್ರಿ. ಮೊದಲ ನಿಮ್ಮ ಕೊರಳಾಗಿನ ನಳಗಿ ಆಕಿ ಎದಿಗೆ ಹಚ್ರಿ."

"ನನಗ ಕಲಸ್ತಿ?"

"ಹಚ್ರಿ."

ಡಾಕ್ಟರು ಗೊಣಗುತ್ತ ಗೋಡೆಗೂ ಎಮ್ಮೆಗೂ ನಡುವೆ ನುಸುಳಿ, ಸಗಣಿಯಲ್ಲಿ ಮೊಳಕಾಲೂರಿ, ಸ್ಟೆತಾಸ್ಕೋಪು ಹಚ್ಚಿದರು. ಆಗ ಮುರಿಗೆವ್ವ ಬಾಟಲಿಯನ್ನು ತಲೆಯ ಮೇಲೆತ್ತಿದಳು. ತನ್ನ ಚಂದ್ರಿ ಉಳಿಯದೆ ಹೋಗಬಹುದು ಎಂಬುದು ಅವಳಿಗೆ ಗೊತ್ತಿತ್ತು.

ಡಾಕ್ಟರ ಮುಖ ಬಿಳಿಚಿತು. "ತಾಳ ತಪ್ಪಲಿಕತ್ತದ... ಎರಡು ಬಡದು ನಿಲ್ತದ... ಇಳಸ, ಹುಚ್ಚಿ, ಇಳಸ!" ಗೋಡೆಯ ಸಂದಿನಿಂದ ಆಚೆ ಮಗ್ಗುಲಿನ ಸೂಜಿಯ ತನಕ ಅವರ ಕೈ ನಿಲುಕಲಿಲ್ಲ.

"ಕಾಳಿ ಎದಿ ಅವತ್ತ ಹಿಂಗ ಬಡೀತಿತ್ತು. ಕೇಳಿದ್ರೇನು?"

"ಇಲ್ಲ! ಗಾಡಿ ತಪ್ಪತಿತ್ತು..."

ಅವಳು ಬಾಟಲಿಯನ್ನು ಸೊಂಟದವರೆಗೆ ಇಳಿಸಿದಳು. "ಹಂಗಾರ ಆಕಿನ್ನ ಕೊಂದವರು ಯಾರು?"

ಡಾಕ್ಟರು ತಲೆ ತಗ್ಗಿಸಿ ಏನೋ ಅಂದರು.

"ನಮ್ಮ ಅತ್ತೀಗೆ ಕಿವಿ ಮಂದ್ರಿ. ಗಟ್ಟಿ ಹೇಳ್ರಿ." ಬಾಟಲಿ ಮತ್ತೆ ಒಂದು ಗೇಣು ಮೇಲೇರಿತು.

"ಹೇಳ್ರಿ ಸಾಹೇಬ್ರ," ಎಂದಳು ಅಮೀನಾಬಿ, "ಇವತ್ತಿನ ಗಾಡಿಗೆ ಇನ್ನೂ ಹೊತ್ತೈತಿ."

ಓಣಿ ಗೊಳ್ಳೆಂದಿತು. ನಗು ಅಡಗಿದ ಮೇಲೆ ಡಾಕ್ಟರ ದನಿ ಗೋಡೆಗೆ ಬಡಿಯಿತು: "ನಾನ! ಬಾಟಲಿ ಎತ್ತಿ ಹಿಡದು ಕಾಳಿನ್ನ ನಾನ ಕೊಂದೇನಿ, ಮುದಕವ್ವಾ! ಹಿಂಡಿ ಛಲೋನ ಇತ್ತು!"

ಕಟ್ಟೆಯ ಮೇಲಿನ ಮುದುಕಿ ಸೊಸೆಯತ್ತ ತಿರುಗಿದಳು.

"ಕೇಳಿಸ್ತು, ಮುರಿಗೆವ್ವಾ," ಎಂದಳು.

ಮುರಿಗೆವ್ವ ಬಾಟಲಿಯನ್ನು ಪೂರ್ತಿ ಇಳಿಸಿದಳು. "ತಾಳ ಕೂಡಲಿಕತ್ತದ," ಎಂದರು ಚಂದ್ರಿಯ ಎದೆಗೆ ಕಿವಿಗೊಟ್ಟ ಡಾಕ್ಟರು.