ಚೀಟಿ ಎತ್ತಿದ ಕೈ

ಹಸಿರು, ಹಸಿರು, ಅದರಾಚೆಗೂ ಹಸಿರು, ಮುಂದಿನ ಸಾಲಿನವರೆಲ್ಲರ ಕೈಯಲ್ಲೂ ಅಂಗೈಯಗಲದ ಮತದಾರರ ಕಾರ್ಡು, ತನ್ನ ಕುತ್ತಿಗೆಯಲ್ಲಿ ಮಾತ್ರ ಬಿಳಿ ಪಟ್ಟಿ, ಅದರ ಮೇಲೆ ಗಾಸ್ಟ್, ಅತಿಥಿ — ಇಪ್ಪತ್ತೊಂದು ವರ್ಷದ ಅತಿಥಿ, ಕಾಂತಾಮಣಿಗೆ ನಗು ಬರಬೇಕಿತ್ತು, ಬರಲಿಲ್ಲ. ಜರ್ಮನಿಯ ಶ್ವೀಬರ್ಡಿಂಗೆನ್ ಊರಿನ ಈ ಆಟದ ಹಾಲ್‌ನಲ್ಲಿ ರಬ್ಬರಿನ ವಾಸನೆ, ಕುರ್ಚಿಗಳ ಕೆಳಗೆ ಬ್ಯಾಸ್ಕೆಟ್‌ಬಾಲಿನ ಗೆರೆಗಳು, ಮೂರು ಗಂಟೆಗೆ ಶುರುವಾದ ಸಭೆ, ಲಾಂಡ್‌ಟಾಗ್ ಅಂದರೆ ಇಲ್ಲಿಯ ವಿಧಾನಸಭೆ, ಅದಕ್ಕೆ ಈ ಕ್ಷೇತ್ರದಿಂದ ಪಕ್ಷದ ಅಭ್ಯರ್ಥಿ ಯಾರೆಂದು ಸದಸ್ಯರೇ ಮತ ಹಾಕಿ ಆರಿಸಬೇಕು, ಸದಸ್ಯೆ ಅವಳೂ ಹೌದು, ಆರು ವರ್ಷದಿಂದ, ಆದರೆ ಜರ್ಮನ್ ಪಾಸ್‌ಪೋರ್ಟ್ ಇಲ್ಲದವರು ಕೂತು ನೋಡಬಹುದು ಅಷ್ಟೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕಿದರೆ ಜನನ ಪತ್ರ ಎಲ್ಲಿ, ಊರಿನ ಹಳೆಯ ಪತ್ರದಲ್ಲಿ ಹೆಸರೇ ಇಲ್ಲ, ಹೆಣ್ಣು ಮಗು ಎಂದಷ್ಟೇ ಇದೆ, ಆ ಹೆಣ್ಣು ಮಗು ನಾನೇ ಎಂದು ಈ ವಯಸ್ಸಿನಲ್ಲಿ ಯಾರ ಕೈಯಲ್ಲಿ ಹೇಳಿಸಬೇಕು. ಅಗೋ ಸ್ವೆನ್ಯಾ ಮೈಕಿನ ಮುಂದೆ ನಿಂತಿದ್ದಾಳೆ, ಸ್ವೆನ್ಯಾ ಕೋಲ್ಬ್, ವೃದ್ಧಾಶ್ರಮದ ನರ್ಸು, ಮೂವತ್ತೊಂದೇ ವರ್ಷ, ಕಿವಿ ಕೆಂಪಗಾಗಿವೆ, ಬಾಡಿಗೆ ಮನೆಗಳ ಮಾತು, ರಾತ್ರಿ ಪಾಳಿಯವರ ಮಾತು, ರಸ್ತೆಯ ಕಾರು ಕಡಿಮೆ ಮಾಡುವ ಮಾತು, ಇಲ್ಲೇ ಬದುಕುವವರಿಗೆ ಕೊನೆಪಕ್ಷ ಊರಿನ ಚುನಾವಣೆಯಲ್ಲಾದರೂ ಮತ ಸಿಗಬೇಕೆನ್ನುವ ಮಾತು, ಇದೇ ಮಾತನ್ನು ಇಬ್ಬರೂ ಅರವತ್ತು ಮನೆಗಳ ಬಾಗಿಲಲ್ಲಿ ನಿಂತು ಆಡಿದ್ದರು, ಮೂರನೇ ಮಹಡಿಯ ನಾಯಿ ಕಾಂತಾಮಣಿಯ ಶಾಲಿನ ತುದಿ ಹರಿದಿತ್ತು, ಸ್ವೆನ್ಯಾ ಮೆಟ್ಟಿಲ ಮೇಲೆ ಕೂತು ಅದನ್ನು ಹೊಲಿದುಕೊಟ್ಟಿದ್ದಳು. ಎದುರಾಳಿ ಎಬರ್ಲೆ ಕೆಟ್ಟವರೇನಲ್ಲ, ನೋಟರಿ, ಬಿಳಿ ಗಡ್ಡ, ಕಂಡಾಗಲೆಲ್ಲ ಕೈ ಜೋಡಿಸಿ ನಮಸ್ತೆ ಎನ್ನುವವರು, ಮತದ ಮಾತು ಬಂದರೆ ಮಾತ್ರ ಅದಕ್ಕಿನ್ನೂ ಕಾಲ ಬಂದಿಲ್ಲ ಫ್ರಾವ್ ಕಾಂತಾಮಣಿ, ಎಂದು ಶ್ರೀಮತಿ ಎನ್ನುವ ಮರ್ಯಾದೆಯ ಫ್ರಾವ್ ಸೇರಿಸಿ ಮೆಲ್ಲಗೆ ಹೇಳಿ ಕಾಫಿಯ ಕಡೆ ಹೋಗುವವರು.

ಮೂವತ್ನಾಲ್ಕು, ಮೂವತ್ನಾಲ್ಕು, ಸಮ. ಎಣಿಸಿದವರು ಇನ್ನೊಮ್ಮೆ ಎಣಿಸಿದರೂ ಅಷ್ಟೇ, ಹದಿನೈದು ನಿಮಿಷ ಬಿಡುವು, ಆಮೇಲೆ ಮತ್ತೆ ಮತ, ಕಿಟಕಿಯ ಹತ್ತಿರ ಮಹೇಶಕುಮಾರ ಕಾಫಿ ಕಪ್ಪನ್ನು ಸುತ್ತಿಸುತ್ತ ನಿಂತಿದ್ದಾನೆ, ಕುಡಿಯುತ್ತಿಲ್ಲ — ಗಂಡನಿಗೆ ಈ ದೇಶದ ಪಾಸ್‌ಪೋರ್ಟ್ ಬಂದು ನಾಲ್ಕು ವರ್ಷ, ಪಕ್ಷಕ್ಕೆ ಸೇರಿಸಿದ್ದು ಅವಳೇ, ಅಡುಗೆಮನೆಯ ಮೇಜಿನ ಮೇಲೆ ಫಾರ್ಮು ಇಟ್ಟು, ನೀವು ಹಾಕಿದ್ರೆ ನಾನೇ ಹಾಕ್ದಂಗ್ರೀ ಎಂದು ಪೆನ್ನು ಕೊಟ್ಟಿದ್ದಳು, ಅವನು ಸಹಿ ಮಾಡಿ ದೋಸೆ ಮುಗಿಸಿದ್ದ. ಒಂದೇ ಒಂದು ಬೇಕು ನೋಡ್ರೀ ಇನ್ನು, ಎಂದಳು ಹತ್ತಿರ ಹೋಗಿ. ಅವನು ಕಪ್ಪಿನೊಳಗೆ ನೋಡಿದ. ನಾನು ಎಬರ್ಲೆಗೆ ಹಾಕ್ದೆ ಕಾಂತಾ, ನಿನ್ ಹತ್ರ ಸುಳ್ಳು ಹೇಳಕ್ಕಾಗಲ್ಲ. ಹೊರಗೆ ಯಾರೋ ಸೈಕಲ್ಲಿಗೆ ಬೀಗ ಹಾಕುತ್ತಿದ್ದಾರೆ, ಬೀಗ ಕೂರುತ್ತಿಲ್ಲ, ಮತ್ತೆ ಹಾಕುತ್ತಿದ್ದಾರೆ. ಆ ಹುಡುಗಿಗೆ ಕಾರೇ ಬೇಡ, ನಮ್ ಫ್ಯಾಕ್ಟರಿ ಮುಚ್ಚಿದ್ರೆ ನಾನು ಕಾರಿನ ಬ್ರೇಕು ಬಿಟ್ಟು ಬೇರೇನು ಕಲ್ತಿದೀನಿ ಹೇಳು, ಐವತ್ತಾರಕ್ಕೆ ನಂಗ್ಯಾರು ಕೆಲಸ ಕೊಡ್ತಾರೆ, ಮತ್ತೂ ಅವರಿಗೇ ಹಾಕ್ತೀನಿ. ಅವಳಿಗೆ ರೇಗಬೇಕಿತ್ತು, ಕಣ್ಣು ಹೋದದ್ದು ಅವನ ಬೆಲ್ಟಿನ ಮೇಲೆ, ಮೊಳೆಯಿಂದ ಚುಚ್ಚಿ ಮಾಡಿದ ಹೊಸ ತೂತು, ಮೂರು ತಿಂಗಳಲ್ಲಿ ಎರಡನೆಯದು, ಊಟ ಬಿಟ್ಟಿದ್ದಾನೆ, ಬಿಟ್ಟಿಲ್ಲ ಅನ್ನುತ್ತಾನೆ, ಮತ ಅವನದು, ತಾನು ಕೊಟ್ಟದ್ದು ಪೆನ್ನು ಮಾತ್ರ, ಆದರೆ ಮೂವತ್ತೈದು ಮೂವತ್ತಮೂರು ಆಗುತ್ತಿತ್ತಲ್ಲ, ಎಷ್ಟು ಸುಲಭದ ಲೆಕ್ಕ, ಬೇಡಿಕೊಳ್ಳಲೇ, ಅಳಲೇ, ಈ ಹಾಲಿನ ನಡುವೆ ಗಂಡನ ಕೈ ಹಿಡಿದು ಅತ್ತರೆ ಜನ ಏನೆಂದುಕೊಂಡಾರು, ಗಂಟೆ ಹೊಡೆಯಿತು, ಕಾಫಿ ಆರೋಗಿದೆ ಬಿಡ್ರೀ ಎಂದಷ್ಟೇ ಹೇಳಿದಳು.

ಮತ್ತೆ ಮೂವತ್ನಾಲ್ಕು, ಮೂವತ್ನಾಲ್ಕು. ಹಾಲಿನಲ್ಲಿ ಒಂದು ನಿಟ್ಟುಸಿರು, ಸಭಾಧ್ಯಕ್ಷೆ ಫ್ರಾವ್ ಲೆಂಟ್ಸ್ ನಿಯಮದ ಪುಸ್ತಕ ತೆರೆದು ಓದುತ್ತಾರೆ, ಎರಡನೇ ಸಲವೂ ಸಮ ಬಂದರೆ ಚೀಟಿ ಎತ್ತುವುದು, ಚೀಟಿಯೇ, ಇಷ್ಟೆಲ್ಲ ಭಾಷಣವಾಗಿ ಚೀಟಿಯೇ — ಎರಡು ಕಾಗದಕ್ಕೆ ಎರಡು ಹೆಸರು, ಕೋಲ್ಬ್, ಎಬರ್ಲೆ, ಬರೆದು ಮಡಿಸಿದರು, ಅಡುಗೆಕೋಣೆಯಿಂದ ಯಾರೋ ಆಲೂಗಡ್ಡೆ ಸಲಾಡಿನ ಗಾಜಿನ ಬಟ್ಟಲು ತೊಳೆದು ತಂದರು. ಎತ್ತುವವರು ಯಾರು, ಮತ ಹಾಕಿದವರು ಬೇಡ, ತಕರಾರು ಬರುತ್ತದೆ, ಫ್ರಾವ್ ಲೆಂಟ್ಸ್ ಕನ್ನಡಕದ ಮೇಲಿಂದ ಸಾಲುಸಾಲಾಗಿ ಹುಡುಕಿ ಕಣ್ಣು ನಿಲ್ಲಿಸಿದ್ದು ಬಿಳಿ ಪಟ್ಟಿಯ ಮೇಲೆ, ಫ್ರಾವ್ ಕಾಂತಾಮಣಿ, ನಿಮಗೆ ಮತವಿಲ್ಲವಲ್ಲ, ನೀವೇ ಬನ್ನಿ. ನಾನೂ ಒಂದು ಕಡೆಯವಳೇ, ಎನ್ನಬೇಕಿತ್ತು, ಎದ್ದು ಬಿಳಿ ಪಟ್ಟಿ ನೆಟ್ಟಗೆ ಮಾಡಿಕೊಂಡಳು, ಎಬರ್ಲೆ ಕೈ ಜೋಡಿಸಿ ತಲೆಯಾಡಿಸಿದರು, ಸ್ವೆನ್ಯಾ ನಕ್ಕಳು, ಹೋಗು ಮಣಿ, ನಿನ್ನ ಕೈಯಿಂದಲೇ ಆಗಲಿ. ಕಾಲುಗಳು ನಡೆದವು. ಮುಖ ತಿರುಗಿಸಿ ಕೈ ಹಾಕಿದಳು, ಬೆರಳಿಗೆ ಒಂದು ತಾಗಿತು, ಒದ್ದೆ, ತೊಳೆದ ನೀರು ಬಟ್ಟಲಿನ ಒಳಮೈಯಲ್ಲಿ ಹಾಗೇ ಉಳಿದಿತ್ತು, ಚೀಟಿ ಗಾಜಿಗೆ ಅಂಟಿಕೊಂಡಿತ್ತು, ಒದ್ದೆ ಅನ್ನಿಸಿತು, ಅಷ್ಟೇ, ಬೆರಳು ತಾನಾಗಿ ಸರಿದು ಒಣಗಿದ್ದನ್ನು ಹಿಡಿಯಿತು, ಎತ್ತಿತು, ಫ್ರಾವ್ ಲೆಂಟ್ಸ್ ಬಿಡಿಸಿ ಓದಿದರು, ಎಬರ್ಲೆ. ಚಪ್ಪಾಳೆ. ಸ್ವೆನ್ಯಾ ಬಂದು ತಬ್ಬಿಕೊಂಡಳು, ಥ್ಯಾಂಕ್ಸ್ ಮಣಿ ಎಂದಳು, ಯಾತಕ್ಕೆ ಥ್ಯಾಂಕ್ಸು, ಅವಳ ಕೆನ್ನೆ ಬಿಸಿಯಿತ್ತು, ಆಮೇಲೆ ಅವಳು ಹೋದಳು, ಮಹೇಶಕುಮಾರ ಯಾರ ಮುಖವನ್ನೂ ನೋಡದೆ ಕುರ್ಚಿ ಮಡಚಿ ಗೋಡೆಗೆ ಒರಗಿಸುತ್ತಿದ್ದಾನೆ, ನಡಿ ಕಾಂತಾ ಎನ್ನುತ್ತಿದ್ದಾನೆ, ಬರ್ತೀನ್ರೀ, ಬರ್ತೀನಿ, ಮೊದಲು ತಾಗಿದ್ದು ಅದು, ಬೆರಳಿಗೆ ಮೊದಲು ತಾಗಿದ್ದು ಅದೇ, ಇನ್ನೂ ಬಟ್ಟಲಲ್ಲೇ ಇದೆ, ಯಾರೂ ತೆಗೆಯಲಿಲ್ಲ, ನೀರಿಗೆ ಮಸಿ ಬಿಟ್ಟುಕೊಂಡು ಗಾಜಿನ ಈಚೆಗೆ ಕೋಲ್ಬ್ ಎಂದು ಹಿಂದುಮುಂದಾಗಿ ಕಾಣುತ್ತಿದೆ, ಅದೇ, ಒದ್ದೆಯಿತ್ತು, ಬೆರಳಿಗೆ ಮೊದಲು ತಾಗಿದ್ದು, ಒದ್ದೆ ಚೀಟಿ, ಗಾಜಿಗೆ ಅಂಟಿದ ಒದ್ದೆ ಚೀಟಿ —